ಹಂದಿ ಕುಂಟಿದ್ರೆ ಕ್ಯಾಲ್ಸಿಯಂ ಬಾಟಲಿಗೇ ಯಾಕೆ ಓಡ್ತೀರಿ?

ಐದಾರು ತಿಂಗಳ ಹಂದಿ ಏಳೋಕೆ ಕಷ್ಟಪಡ್ತಿದೆ, ಹಿಂಗಾಲು ಎಳೀತಿದೆ ಅಂದ ಕೂಡಲೇ ನಮ್ಮಲ್ಲಿ ಬಹಳಷ್ಟು ಜನ ಮೊದಲು ತರೋದು ಕ್ಯಾಲ್ಸಿಯಂ ಬಾಟಲಿ. ತೋಟಗಾರಿಕೆ ಓದಿ, ತೋಟಕ್ಕೆ ಗೊಬ್ಬರ ಆಗ್ಲಿ ಅಂತ ಹಂದಿ ಸಾಕ್ತಿರೋ ನನ್ನ ಅಭಿಪ್ರಾಯ ಬೇರೆ. ಕಾಲಿನ ಬಲವನ್ನು ಹಂದಿ ಆರಿಸುವಾಗ, ನೆಲ ಹಾಕಿಸುವಾಗಲೇ ನೋಡಿಕೊಳ್ಳಬೇಕು.

ಯಾರ್ಕ್‌ಶೈರ್, ಲ್ಯಾಂಡ್ರೇಸ್, ಡ್ಯುರಾಕ್ ತಳಿಗಳನ್ನು ತಲೆಮಾರುಗಳಿಂದ ಬೇಗ ಬೆಳೀಲಿ, ಕೊಬ್ಬು ಕಡಿಮೆಯಾಗಿ ಮಾಂಸ ಹೆಚ್ಚಲಿ ಅಂತಲೇ ಆರಿಸಿಕೊಂಡು ಬಂದಿದ್ದಾರೆ. ಮೈ ಏರುವ ವೇಗಕ್ಕೆ ಕೀಲು ಸಾಥ್ ಕೊಡಲ್ಲ. ಬೆಳೆಯುವ ಮೃದ್ವಸ್ಥಿಗೆ ಅಲ್ಲಲ್ಲಿ ರಕ್ತ ಪೂರೈಕೆ ನಿಂತುಹೋಗಿ, ಆ ಜಾಗ ಮೂಳೆಯಾಗದೆ ದುರ್ಬಲವಾಗಿ ಉಳಿಯುತ್ತೆ. ಭಾರ ಬಿದ್ದಾಗ ಬಿರುಕು ಬಿಡುತ್ತೆ. ಇದೇ ಆಸ್ಟಿಯೋಕಾಂಡ್ರೋಸಿಸ್. ಒಳ್ಳೆ ಆಹಾರ ತಿನ್ನೋ ಹಂದಿಗೂ ಬರುತ್ತೆ. ಬರೀ ತೌಡು, ಹೋಟೆಲ್‌ನಲ್ಲಿ ಮಿಕ್ಕಿದ ಅನ್ನ ಹಾಕೋರಿಗೆ ಖನಿಜ ಮಿಶ್ರಣ ಬೇಕೇ ಬೇಕು, ಆ ಮಾತು ಬೇರೆ.

ಕಾಲಿನ ಆಕಾರ ಒಂದು ಮಟ್ಟಿಗೆ ತಂದೆ-ತಾಯಿಯಿಂದ ಬರುತ್ತೆ. ಆದ್ರೆ ಮರಿ ಮಾಡಿಸೋಕೆ ಹಂದಿ ಕೊಳ್ಳುವಾಗ ನಾವು ನೋಡೋದು ತೂಕ, ಉದ್ದ, ಮೊಲೆಗಳ ಎಣಿಕೆ. ಸಮತಟ್ಟು ಜಾಗದಲ್ಲಿ ನಡೆಸಿ, ಪಕ್ಕದಿಂದ, ಹಿಂದಿನಿಂದ ಫೋನಲ್ಲಿ ವಿಡಿಯೋ ತೆಗೆದು ನಿಧಾನಕ್ಕೆ ಓಡಿಸಿ ನೋಡಿ. ಹಿಂಗಾಲು ಕಂಬದ ಹಾಗೆ ನೆಟ್ಟಗಿದ್ರೆ ಹೆಜ್ಜೆಯ ಪೆಟ್ಟು ನೇರ ಕೀಲಿಗೇ ಹೋಗುತ್ತೆ. ಮುಂಗಾಲಿನ ಮಂಡಿ ಮುಂದಕ್ಕೆ ಬಾಗಿದ್ರೆ, ಒಂದೇ ಪಾದದ ಎರಡು ಗೊರಸು ತೀರಾ ಚಿಕ್ಕದು-ದೊಡ್ಡದು ಇದ್ರೆ ಕೂಡ ಬಿಟ್ಟುಬಿಡಿ. ಎಷ್ಟೇ ಮೈ ತುಂಬಿಕೊಂಡಿದ್ರೂ ಅದು ಮಾಂಸಕ್ಕೆ ಸರಿ, ಮರಿಗೆ ಬೇಡ. ಗಂಡು ಹಂದಿ ವಿಷಯದಲ್ಲಂತೂ ಮುಲಾಜೇ ಬೇಡ, ಒಂದರ ದೋಷ ಊರೆಲ್ಲಾ ಮರಿಗಳಿಗೆ ಹರಡುತ್ತೆ.

ಇನ್ನು ನೆಲ. ಗಾರೆಯನ್ನು ಗಾಜಿನ ಹಾಗೆ ನುಣ್ಣಗೆ ಉಜ್ಜಿಸೋದು ನಮ್ಮ ಮೇಸ್ತ್ರಿಗಳಿಗೆ ಹೆಮ್ಮೆ, ಹಂದಿಗೆ ಶಾಪ. ಒದ್ದೆಯಾದ್ರೆ ಜಾರಿ ಕಾಲು ಅಗಲಿಸಿ ಬೀಳುತ್ತೆ. ತೀರಾ ಒರಟಾದ್ರೂ ಗೊರಸು ಸವೆದು ಗಾಯ ಆಗುತ್ತೆ. ಹಸಿ ಸಿಮೆಂಟ್ ಮೇಲೆ ಗಟ್ಟಿ ಪೊರಕೆ ಎಳೆಸಿದಷ್ಟು ಹಿಡಿತ ಸಾಕು. ಇಳಿಜಾರು ನೀರು ಹರಿಯುವಷ್ಟೇ ಇರ್ಲಿ. ಮಲಗೋ ಜಾಗಕ್ಕೆ ಭತ್ತದ ಹುಲ್ಲು ಹಾಸಿ, ಅದು ಆಮೇಲೆ ಗೊಬ್ಬರಕ್ಕೂ ಬರುತ್ತೆ. ಕಿಕ್ಕಿರಿದು ತುಂಬಬೇಡಿ, ಓಡಾಡದ ಹಂದಿಯ ಕಾಲಿನ ಸ್ನಾಯು ಬಲಿಯಲ್ಲ.

ಕುಂಟೋದ್ರ ಜೊತೆ ಜ್ವರ, ಕೀಲು ಊತ, ಗೊರಸಿನ ಸಂದಿಯಲ್ಲೋ ಮೂತಿಯಲ್ಲೋ ಗುಳ್ಳೆ ಕಂಡ್ರೆ ಅದು ಸೋಂಕಿರಬಹುದು, ಕಾಲುಬಾಯಿ ರೋಗವೂ ಇರಬಹುದು. ಆ ಹಂದೀನ ಬೇರೆ ಕಟ್ಟಿ, ಅವತ್ತೇ ಪಶುವೈದ್ಯರನ್ನ ಕರೆಸಿ.