ಮರೆವಿನ ರೋಗವೂ ನಮ್ಮ ಕರ್ತವ್ಯವೂ

ಅರುವತ್ತಕ್ಕೆ ಅರಳುಮರಳೆಂಬ ಗಾದೆಯು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಮನೆಯ ಹಿರಿಯರು ಕೇಳಿದುದನ್ನೇ ಮತ್ತೆ ಮತ್ತೆ ಕೇಳಿದರೆ, ಉಂಡೆದ್ದ ಗಳಿಗೆಯಲ್ಲಿಯೇ ತಮಗೆ ಊಟವಾಗಲಿಲ್ಲವೆಂದು ಗೊಣಗಿದರೆ, ಈ ಗಾದೆಯನ್ನಾಡಿ ನಕ್ಕು ಸುಮ್ಮನಾಗುವುದು ವಾಡಿಕೆ. ಈ ನಗೆಯು ಎಷ್ಟು ಮನೆಗಳಲ್ಲಿ ಒಂದು ಘೋರವ್ಯಾಧಿಯನ್ನು ಮರೆಮಾಡಿದೆಯೆಂಬುದನ್ನು ಆಲೋಚಿಸಿದವರು ವಿರಳ. ವಾರ್ಧಕ್ಯವು ರೋಗವಲ್ಲ, ಆದರೆ ವಾರ್ಧಕ್ಯದಲ್ಲಿ ತೋರುವ ಬುದ್ಧಿಭ್ರಂಶವು ರೋಗವೇ ಸರಿ. ಅದರ ಪ್ರಭೇದಗಳಲ್ಲಿ ಅತ್ಯಧಿಕವಾಗಿ ಕಂಡುಬರುವುದು ಆಲ್ಝೈಮರ್ ರೋಗ.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಯೊಂದಕ್ಕೆ ಆಗುಸ್ಟ್ ಡೀಟರ್ ಎಂಬ 51 ವರ್ಷದ ಗೃಹಿಣಿಯನ್ನು ಕರೆತಂದರು. ತನ್ನ ಹೆಸರನ್ನು ಬರೆಯತೊಡಗಿ ನಡುವೆಯೇ ಆಕೆ ಮರೆತುಬಿಡುತ್ತಿದ್ದಳು. 1906ರಲ್ಲಿ ಆಕೆ ತೀರಿಕೊಂಡ ಬಳಿಕ ಡಾಕ್ಟರ್ ಆಲೋಯಿಸ್ ಆಲ್ಝೈಮರರು ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದು ಕುಗ್ಗಿರುವುದನ್ನೂ, ಅದರಲ್ಲಿ ಅಸಹಜವಾದ ಗಂಟುಗಳೂ ಕಲೆಗಳೂ ತುಂಬಿರುವುದನ್ನೂ ಕಂಡರು. ಅದೇ ವರ್ಷದ ನವಂಬರಿನಲ್ಲಿ ವೈದ್ಯರ ಸಭೆಯ ಮುಂದೆ ಅವರು ಈ ವಿಷಯವನ್ನು ಮಂಡಿಸಿದಾಗ ಯಾರೂ ಅಷ್ಟಾಗಿ ಲಕ್ಷ್ಯಗೊಡಲಿಲ್ಲ. ವ್ಯಾಧಿಗೆ ಅವರ ಹೆಸರು ಬಂದುದು 1910ರಲ್ಲಿ.

ಈ ರೋಗದ ಗತಿಯು ಮಂದವಾದುದು, ಆದರೆ ನಿಷ್ಠುರವಾದುದು. ಹೊರಗೆ ಲಕ್ಷಣಗಳು ತೋರುವ ಹತ್ತಾರು ವರ್ಷಗಳ ಮೊದಲೇ ಮಿದುಳಿನಲ್ಲಿ ಹಾನಿಯು ಆರಂಭವಾಗಿರುತ್ತದೆ. ಹೊಸ ನೆನಪುಗಳನ್ನು ಕೂಡಿಡುವ ಭಾಗವು ಮೊದಲು ಕೆಡುವುದರಿಂದ, ಕಳೆದ ವಾರದ ಮದುವೆಯನ್ನು ಮರೆತವರು ಬಾಲ್ಯದಲ್ಲಿ ಕಲಿತ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಇದನ್ನು ಕಂಡು ಮನೆಯವರು ಮೋಸಹೋಗುತ್ತಾರೆ. ಎರಡನೆಯ ಹಂತದಲ್ಲಿ ಲೆಕ್ಕಪತ್ರ ತಪ್ಪುತ್ತದೆ. ಐವತ್ತು ವರ್ಷ ನಡೆದಾಡಿದ ಬೀದಿಯಲ್ಲಿಯೇ ದಾರಿ ತಪ್ಪುತ್ತದೆ. ಒಡವೆಯನ್ನು ಸೊಸೆಯೇ ಕದ್ದಳೆಂಬ ಸಂಶಯ ಹುಟ್ಟುತ್ತದೆ. ಸಂಜೆಯಾದೊಡನೆ ಚಡಪಡಿಕೆ ಹೆಚ್ಚುತ್ತದೆ. ಹೆತ್ತ ಮಗನೇ ಅಪರಿಚಿತನಾಗುತ್ತಾನೆ. ಕೊನೆಯ ಹಂತದಲ್ಲಿ ಮಾತು ನಾಲ್ಕಾರು ಶಬ್ದಗಳಿಗೆ ಇಳಿದು, ನಡೆಯುವ ಶಕ್ತಿಯೂ ತುತ್ತು ನುಂಗುವ ಶಕ್ತಿಯೂ ಕುಂದುತ್ತವೆ. ಅನೇಕರಿಗೆ ಶ್ವಾಸಕೋಶದ ಸೋಂಕೇ ಅಂತ್ಯಕ್ಕೆ ಕಾರಣವಾಗುತ್ತದೆ. ರೋಗವನ್ನು ಗುರುತಿಸಿದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವರ್ಷ, ಕೆಲವರು ಇಪ್ಪತ್ತು ವರ್ಷದವರೆಗೂ ಬದುಕುವುದುಂಟು. ನೆನಪು ಅಳಿದರೂ ಭಾವನೆಯು ಬೇಗನೆ ಅಳಿಯದು. ಗದರಿದ ಮಾತು ಮರೆತುಹೋದರೂ ಗದರಿದ ನೋವು ಉಳಿಯುತ್ತದೆ. ಶುಶ್ರೂಷೆ ಮಾಡುವವರು ಇದನ್ನು ಸದಾ ನೆನಪಿಡತಕ್ಕದ್ದು.

ಇದು ಪಾಶ್ಚಾತ್ಯರ ರೋಗವೆಂದು ನಿಶ್ಚಿಂತರಾಗಿರುವಂತಿಲ್ಲ. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯೊಂದರ ಅಂದಾಜಿನಂತೆ, ಅರುವತ್ತು ದಾಟಿದ ಭಾರತೀಯರಲ್ಲಿ ಸುಮಾರು 88 ಲಕ್ಷ ಜನರು, ಎಂದರೆ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿ, ಬುದ್ಧಿಭ್ರಂಶಕ್ಕೆ ತುತ್ತಾಗಿದ್ದಾರೆ. ಪುರುಷರಿಗಿಂತ ಸ್ತ್ರೀಯರಲ್ಲಿಯೂ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೂ ಇದು ಅಧಿಕ. ಬೇರುಸಹಿತ ಗುಣಪಡಿಸುವ ಔಷಧಿಯು ಇನ್ನೂ ದೊರೆತಿಲ್ಲ. ಆದರೆ ಅಧಿಕ ರಕ್ತದೊತ್ತಡ, ಮಧುಮೇಹ, ಕಿವುಡುತನ, ಧೂಮಪಾನ, ಒಂಟಿತನ, ವಿದ್ಯಾಭ್ಯಾಸದ ಕೊರತೆ ಮೊದಲಾದವನ್ನು ಸಕಾಲದಲ್ಲಿ ನಿವಾರಿಸಿದಲ್ಲಿ ಬುದ್ಧಿಭ್ರಂಶದ ಸುಮಾರು ನೂರಕ್ಕೆ 45 ಪ್ರಸಂಗಗಳನ್ನು ತಪ್ಪಿಸಬಹುದು ಇಲ್ಲವೆ ಮುಂದೂಡಬಹುದೆಂದು 2024ರ ಲ್ಯಾನ್ಸೆಟ್ ಆಯೋಗವು ಅಭಿಪ್ರಾಯಪಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರ ನಡುವೆ ಈ ವಿಷಯದಲ್ಲಿ ದೀರ್ಘಕಾಲದ ಅಧ್ಯಯನವನ್ನು ಕೈಕೊಂಡಿರುವುದು ನಾಡಿಗೆ ಭೂಷಣಪ್ರಾಯವಾಗಿದೆ.

ಸಂಶೋಧನೆಯ ಫಲವು ಹಳ್ಳಿಯ ಮನೆಬಾಗಿಲನ್ನು ಮುಟ್ಟಬೇಕಾದರೆ ಸರಕಾರವು ಮೂರು ಕಾರ್ಯಗಳನ್ನು ಮಾಡಬೇಕು. ಮೊದಲನೆಯದಾಗಿ, ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಸ್ಮರಣಶಕ್ತಿಯ ಪರೀಕ್ಷೆಗೆ ಏರ್ಪಾಡಾಗಬೇಕು. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ, ಮನೋಖಿನ್ನತೆ ಇವುಗಳಿಂದಲೂ ಮರೆವು ಬರುವುದುಂಟು. ಇವು ಚಿಕಿತ್ಸೆಗೆ ಬಗ್ಗುವಂಥವು. ಪರೀಕ್ಷೆಯಿಲ್ಲದೆ ಇಂಥವರನ್ನೂ ಮೂಲೆಗೆ ತಳ್ಳುವುದು ಅನ್ಯಾಯ.

ಎರಡನೆಯದು ಕಾಯಿದೆಯ ತೊಡಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಚಿಕಿತ್ಸೆಯ ವಿಷಯದಲ್ಲಿ ರೋಗಿಗೆ ಪ್ರತಿನಿಧಿಯನ್ನು ಒದಗಿಸಿತೇ ಹೊರತು, 1987ರ ಕಾಯಿದೆಯಲ್ಲಿದ್ದಂತೆ ಆಸ್ತಿಯ ನಿರ್ವಹಣೆಗೆ ವ್ಯವಸ್ಥೆಯನ್ನು ಮಾಡಲಿಲ್ಲ. ಸಹಿ ಮಾಡುವುದನ್ನೇ ಮರೆತ ವೃದ್ಧರ ಔಷಧಿಗಾಗಿ ಅವರದೇ ಠೇವಣಿಯ ಹಣವನ್ನು ಪಡೆಯಲು ಹೆಂಡತಿಮಕ್ಕಳು ಉಚ್ಚ ನ್ಯಾಯಾಲಯದ ಮೆಟ್ಟಲೇರಬೇಕಾಗುವುದು ಯಾವ ನ್ಯಾಯ? ವಂಚನೆಗೆ ಎಡೆಗೊಡದಂತೆ, ಜಿಲ್ಲಾ ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಪಾಲಕರನ್ನು ನೇಮಿಸುವ ಸುಲಭಮಾರ್ಗವನ್ನು ಶಾಸನವು ಕಲ್ಪಿಸತಕ್ಕದ್ದು.

ಮೂರನೆಯದು ಶುಶ್ರೂಷೆಯ ಭಾರ. ಹಗಲಿರುಳು ಇದನ್ನು ಹೊರುವವರು ಬಹುಮಟ್ಟಿಗೆ ಮನೆಯ ಹೆಂಗಸರು. ಮಾತೃದೇವೋ ಭವ ಎಂದು ವೇದಿಕೆಯ ಮೇಲೆ ಘೋಷಿಸುವ ನಾವು, ಆ ದೇವರ ಸೇವೆಯನ್ನೆಲ್ಲ ಸೊಸೆಯೊಬ್ಬಳ ಹೆಗಲಿಗೆ ಹೊರಿಸಿ ಕಚೇರಿಗೆ ನಡೆಯುತ್ತೇವೆ. ಹಗಲುಹೊತ್ತಿನ ಆರೈಕೆಯ ಕೇಂದ್ರಗಳೂ, ತರಬೇತಿ ಪಡೆದ ದಾದಿಯರೂ ಜಿಲ್ಲೆಜಿಲ್ಲೆಗೂ ದೊರೆಯುವಂತಾಗಬೇಕು.

1956ರಲ್ಲಿ ನಾಡು ಒಂದಾದಾಗ ಶಾಲೆಯ ಮಕ್ಕಳಾಗಿದ್ದವರು ಇಂದು ಎಪ್ಪತ್ತೈದು ದಾಟಿದ ವೃದ್ಧರು. ಈ ನಾಡಿನ ಶಾಲೆಗಳಲ್ಲಿ ಕಲಿಸಿ, ಹೊಲಗಳಲ್ಲಿ ದುಡಿದು, ಕಚೇರಿಗಳನ್ನು ನಡೆಸಿದವರು ಅವರು. ಅವರಲ್ಲಿ ಹಲವರು ಇಂದು ನಮ್ಮನ್ನು ಗುರುತಿಸಲಾರರು. ನಾವಾದರೂ ಅವರನ್ನು ಮರೆಯದಿರುವುದು ನಮ್ಮ ಧರ್ಮ.