ಮಕ್ಕಳು ಓದುವುದಿಲ್ಲವೆಂದು ದೂರುವ ಮುನ್ನ

‘ಈಗಿನ ಮಕ್ಕಳು ಪುಸ್ತಕ ಮುಟ್ಟುವುದಿಲ್ಲ’ ಎಂಬ ದೂರು ಹುಣಸೂರಿನ ಚಹಾದಂಗಡಿಯಿಂದ ಹಿಡಿದು ಕೆ.ಆರ್. ನಗರದ ಮದುವೆ ಮಂಟಪದವರೆಗೆ ಎಲ್ಲೆಡೆಯೂ ಕೇಳಿಬರುತ್ತಿದೆ. ಆರೋಪಿಗಳ ಪಟ್ಟಿಯೂ ಸಿದ್ಧವಾಗಿದೆ: ಮೊಬೈಲ್, ಟಿ.ವಿ., ಶಾಲೆ, ಶಿಕ್ಷಕ. ವಿಪರ್ಯಾಸವೆಂದರೆ, ಈ ಪಟ್ಟಿಯಲ್ಲಿ ಹೆತ್ತವರ ಹೆಸರು ಮಾತ್ರ ಇಲ್ಲ. ಅಳುವ ಮಗುವಿನ ಕೈಗೆ ಮೊಬೈಲ್ ಇತ್ತವರು ಯಾರು? ಅದು ಅಂಗಡಿಯಿಂದ ತಾನಾಗಿಯೇ ನಡೆದು ಬಂದಿತೇ?

ಓದು ರಕ್ತದಲ್ಲಿ ಹರಿದು ಬರುವ ಗುಣವಲ್ಲ; ಕಂಡು ಕಲಿಯುವ ಅಭ್ಯಾಸ. ತಂದೆ ಪತ್ರಿಕೆ ಬಿಡಿಸುವುದನ್ನೂ ತಾಯಿ ಕತೆಯೊಂದನ್ನು ಓದಿ ಹೇಳುವುದನ್ನೂ ಎಂದೂ ನೋಡದ ಮಗುವಿಗೆ ಪುಸ್ತಕವೆಂದರೆ ಪರೀಕ್ಷೆ ಮಾತ್ರ. ಪರೀಕ್ಷೆ ಮುಗಿದೊಡನೆ ಅದು ಪುಸ್ತಕವನ್ನು ಬಿಸಾಡಿದರೆ ಅಚ್ಚರಿಯೇನಿದೆ?

‘ಹೊಟ್ಟೆಪಾಡಿನ ನಡುವೆ ಓದಲು ಪುರುಸೊತ್ತೆಲ್ಲಿ?’ ಎಂದು ಕೇಳುವವರಿದ್ದಾರೆ. ಪಿರಿಯಾಪಟ್ಟಣ, ಹುಣಸೂರು ಸೀಮೆಯಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗೆ ಬೆಂಕಿ ಹಾಕಿದ ಮೇಲೆ ಹಗಲಿರುಳು ಕಾಯಬೇಕೆಂಬುದು ಸತ್ಯ. ಆದರೆ ಆ ಕಾವಲಿನಲ್ಲೇ ಮಗು ಓದಿ, ಅಜ್ಜ ಕೇಳಬಾರದೇಕೆ? ಅಕ್ಷರ ಬಾರದ ಹಿರಿಯರೂ ಕೇಳುಗರಾಗಬಲ್ಲರು. ಕೇಳುವವರಿದ್ದರೆ ಓದುವ ಮಗುವಿನ ಉತ್ಸಾಹ ಇಮ್ಮಡಿಸುತ್ತದೆ ಎಂಬುದರಲ್ಲಿ ಸಂದೇಹವಿಲ್ಲ.

ಬಡತನವೇ ಅಡ್ಡಿ ಎನ್ನುವವರು ನಮ್ಮದೇ ಜಿಲ್ಲೆಯ ಸೈಯದ್ ಇಸಾಕ್‌ರನ್ನು ನೆನೆಯಲಿ. ಶಿಕ್ಷಣದಿಂದ ವಂಚಿತರಾದ ಈ ಕೂಲಿ ಕಾರ್ಮಿಕ 2011ರಲ್ಲಿ ಮೈಸೂರಿನ ರಾಜೀವ್‌ನಗರದಲ್ಲಿ ಸಾರ್ವಜನಿಕರಿಗಾಗಿ ಗ್ರಂಥಾಲಯ ತೆರೆದರು. ಸುಮಾರು 11,000 ಪುಸ್ತಕಗಳು, ಅವುಗಳಲ್ಲಿ ಬಹುಪಾಲು ಕನ್ನಡದವು, 2021ರ ಏಪ್ರಿಲ್ 9ರಂದು ಬೆಂಕಿಗೆ ಆಹುತಿಯಾದಾಗಲೂ ಅವರು ಕೈಚೆಲ್ಲಲಿಲ್ಲ, ಮತ್ತೆ ಕಟ್ಟುವೆನೆಂದರು. ತಾನು ಪಡೆಯಲಾಗದ್ದನ್ನು ಊರಿಗೆ ಕೊಟ್ಟ ಈ ವ್ಯಕ್ತಿಯ ಮುಂದೆ, ಮನೆಗೊಂದು ಪುಸ್ತಕ ತರಲಾರದ ನಮ್ಮ ನೆಪಗಳು ನಿಲ್ಲುವವೇ?

ಮನೆಯ ಒಂದು ತೀರ್ಮಾನ ಎಷ್ಟು ದೂರ ಸಾಗಬಲ್ಲುದು ಎಂಬುದಕ್ಕೆ ಬಾನು ಮುಷ್ತಾಕ್ ಸಾಕ್ಷಿ. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿದಾಗ, ಆರು ತಿಂಗಳೊಳಗೆ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತು ಅವರ ಮೇಲಿತ್ತು. ಅದೇ ಬಾಲಕಿಯ ಕನ್ನಡ ಕತೆಗಳಿಗೆ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆಯಿತು.

ಹಾಗೆಂದು ಸರಕಾರ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಜನರು ತೆರುತ್ತಿದ್ದಾರೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯತ್ ಗ್ರಂಥಾಲಯದ ಉಚಿತ ಸದಸ್ಯತ್ವ ನೀಡಿತು. ಆದರೆ ಸದಸ್ಯರ ಸಂಖ್ಯೆ ಓದುಗರ ಸಂಖ್ಯೆಯಲ್ಲ. ಶಾಲೆ ಬಿಟ್ಟ ಮೇಲೆ ಬಾಗಿಲು ತೆರೆದಿರದ ಗ್ರಂಥಾಲಯ ಮಕ್ಕಳಿಗೆ ಇದ್ದೂ ಇಲ್ಲದಂತೆ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯ ಮಗು ಪುಸ್ತಕಕ್ಕಾಗಿ ಪಂಚಾಯತ್ ಕೇಂದ್ರಕ್ಕೆ ನಡೆದು ಬರಲೆನ್ನುವುದು ನ್ಯಾಯವೂ ಅಲ್ಲ. ಪುಸ್ತಕವೇ ಹಾಡಿಗೆ ಹೋಗಬೇಕು.

ಇಷ್ಟಕ್ಕೂ, ಸರಕಾರ ಕಪಾಟು ತುಂಬಿಸಬಹುದು. ಮಗುವಿನ ಕೈ ಹಿಡಿದು ಅಲ್ಲಿಗೆ ಕರೆದೊಯ್ಯಬೇಕಾದವರು ನಾವೇ. ಮದುವೆಯ ಒಂದು ಊಟದ ಖರ್ಚಿನಲ್ಲಿ ವರ್ಷಗಟ್ಟಲೆ ಓದುವಷ್ಟು ಪುಸ್ತಕಗಳು ಬರುತ್ತವೆ. ಮಕ್ಕಳಿಗೆ ನಿವೇಶನ, ಒಡವೆ ಬಿಟ್ಟುಹೋಗಲು ಜೀವ ತೇಯುವ ನಾವು, ಓದುವ ರೂಢಿಯನ್ನೂ ಬಿಟ್ಟುಹೋಗಬಾರದೇ? ದಿನಕ್ಕೆ ಅರ್ಧ ಗಂಟೆ ಮನೆಮಂದಿಯೆಲ್ಲ ಮೊಬೈಲ್ ಬದಿಗಿಟ್ಟು ಕೂರಲಿ. ಮೊದಲು ಹಿರಿಯರ ಕೈಗೆ ಪುಸ್ತಕ ಬರಲಿ. ದೂರುವ ಮಾತು ಆಮೇಲೆ.