ಕುಸುಬಿ ಎಣ್ಣೆಯ ಆಯುಷ್ಯ
ನವಲಿ ಕಡೆಯ ಅಡುಗೆಮನೆಗಳಲ್ಲಿ ಕುಸುಬಿ ಎಣ್ಣೆಗೆ ಮರ್ಯಾದೆ ದೊಡ್ಡದು, ಆಯುಷ್ಯ ಮಾತ್ರ ಚಿಕ್ಕದು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ಹಾಗಾಗಿ ಗಾಳಿ, ಬೆಳಕು ತಾಗಿದರೆ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಕಿಟಕಿಯಲ್ಲಿಟ್ಟ ಅರ್ಧ ಖಾಲಿ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿ, ಹಳೇ ಬಣ್ಣದ ಡಬ್ಬಿ ನೆನಪಾಗುತ್ತದೆ. ಎಳ್ಳೆಣ್ಣೆ ಗಟ್ಟಿ ಜೀವ: ಎಳ್ಳು ಹುರಿದಾಗ ಅದರಲ್ಲಿನ ಸೆಸಮೋಲಿನ್ ಎಂಬ ಅಂಶ ಒಡೆದು ಸೆಸಮಾಲ್ ಆಗುತ್ತದೆ, ಎಣ್ಣೆಗೆ ಬೀಳಬೇಕಾದ ಪೆಟ್ಟನ್ನು ತಾನೇ ತಿನ್ನುತ್ತದೆ. ಗಂಗಾವತಿ ಅಕ್ಕಿ ಗಿರಣಿಗಳ ತೌಡಿನಲ್ಲೂ ಒರೈಜನಾಲ್ ಎಂಬ ಕಾವಲುಗಾರನಿದ್ದಾನೆ. ಆದರೆ ತೌಡಿನ ಎಣ್ಣೆಯನ್ನು ಕ್ಷಾರ ಹಾಕಿ ಶುದ್ಧ ಮಾಡುವಾಗ ನಾವೇ ಅವನನ್ನು ಬಹುಪಾಲು ಹೊರಗಟ್ಟುತ್ತೇವೆ. ಎಂಥ ಶುದ್ಧಿಯೋ! ಗಾಣದ ಕುಸುಬಿ ಎಣ್ಣೆಯನ್ನು ತಿಂಗಳಿಗಾಗುವಷ್ಟೇ ತನ್ನಿ, ಸ್ಟೀಲ್ ಡಬ್ಬಿಯಲ್ಲಿ ಕತ್ತಲಲ್ಲಿಡಿ. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ.